ಬೇರೆಯವರ ಅತ್ತೆ

ಎರಡು ವರ್ಷ ನಾವು ಇನ್ನೊಬ್ಬರ ತಾಯಿಯ ಸಮಾಧಿಯ ಮುಂದೆ ಕಣ್ಣೀರು ಹಾಕಿದೆವು. ಮೂರನೆಯ ವರ್ಷ ಸಿಕ್ಕಿಬಿದ್ದೆವು.

ಮಲೇಷ್ಯಾದ ನಮ್ಮ ಪಿನಾಂಗಿನಲ್ಲಿ ಏಪ್ರಿಲ್ ಮೊದಲ ವಾರ ಚೀನೀಯರಾದ ನಮಗೆ ಚೆಂಗ್ ಬೆಂಗ್ ಬರುತ್ತದೆ. ಸಮಾಧಿಯ ಹುಲ್ಲು ಕಿತ್ತು, ಗುಡಿಸಿ, ಸತ್ತವರಿಗೆ ಊಟ ಬಡಿಸುವ ದಿನ. ಆ ದಿನದ ಹಿಂದೆ ಹತ್ತು ದಿನ, ಮುಂದೆ ಹತ್ತು ದಿನ ಅವಕಾಶವುಂಟು. ಉಳಿದ ಕಾಲದಲ್ಲಿ ಸಮಾಧಿಗೆ ಹೋಗಿ ಮಲಗಿದವರನ್ನು ಎಬ್ಬಿಸಬಾರದು ಎಂಬುದು ಹಿರಿಯರ ಕಟ್ಟಳೆ. ನಾನು ಅದನ್ನು ಮೀರಿದವನಲ್ಲ.

ನನ್ನ ತಾಯಿ ಕೆರಾ ಗುಡ್ಡದ ಮೇಲಿದ್ದಾಳೆ. ನನಗೆ ಹದಿನೆಂಟು ವರ್ಷವಾಗಿದ್ದಾಗ ಹೋದವಳು. ಸ್ವಂತ ತಾಯಿಯ ಸಮಾಧಿ ನಿನಗೆ ಗೊತ್ತಿರಲಿಲ್ಲವೇ ಎಂದು ಕೇಳಿದರೆ ತಲೆ ತಗ್ಗಿಸಬೇಕು. ನನ್ನ ಹೆಂಡತಿ ಗೇಕ್ ಇಮ್ ಮುಂದೆ ನಡೆಯುತ್ತಿದ್ದಳು, ನಾನು ಹುರಿದ ಬಾತುಕೋಳಿಯ ಬುಟ್ಟಿ ಹೊತ್ತು ಹಿಂದೆ. ನಲವತ್ತೈದು ವರ್ಷ ನಾನು ನೋಡಿದ್ದು ಅವಳ ಹಿಮ್ಮಡಿಯನ್ನು, ಮತ್ತು ಬುಟ್ಟಿಯ ಮೇಲೆ ಕಣ್ಣಿಟ್ಟ ಕೋತಿಗಳನ್ನು. ಗುಡ್ಡದ ಮೇಲೆ ಸಾವಿರಾರು ಸಮಾಧಿಗಳು. ಅರ್ಧಕ್ಕರ್ಧ ಒಬ್ಬನೇ ಕಲ್ಲುಕುಟಿಗ ಕಟ್ಟಿದವು, ಒಂದೇ ಅಚ್ಚು. ಕಲ್ಲಿನ ಮೇಲಿನ ಹೆಸರು ಓದೋಣವೆಂದರೆ ಅಪ್ಪ ನಮ್ಮನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದ. ಚೀನೀ ಅಕ್ಷರ ನಮ್ಮ ಪಾಲಿಗೆ ಚಿತ್ರ. ಅಮ್ಮನ ಪಿಂಗಾಣಿ ಭಾವಚಿತ್ರವೂ ಬಿಸಿಲಿಗೆ ಬಿಳಿಚಿ ಬರಿಯ ತಟ್ಟೆಯಾಗಿತ್ತು.

ಗೇಕ್ ಇಮ್ ಮೂವತ್ತೊಂದು ವರ್ಷ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆದವಳು. ಅವಳಿಗೂ ಚೀನೀ ಓದಲು ಬರುತ್ತಿರಲಿಲ್ಲ, ಆದರೆ ಜಾಗ ಮರೆಯುತ್ತಿರಲಿಲ್ಲ. ಬಹಳ ಹಿಂದೆ ಒಂದು ಜಿಪಿಎಸ್ ಯಂತ್ರ ತಂದಳು. ಊಟದ ಡಬ್ಬಿಯಷ್ಟು ದಪ್ಪ, ಹಳದಿ ಬಣ್ಣ. ಗುಡ್ಡದ ಮೇಲೆ ಅದನ್ನು ಹಿಡಿದು ಗುರುತು ಹಾಕುವುದು, ಮನೆಗೆ ಬಂದು ಆ ಗುರುತುಗಳನ್ನು ಲ್ಯಾಪ್‌ಟಾಪಿನ ನಕ್ಷೆಗೆ ಇಳಿಸುವುದು ಅವಳ ಚೆಂಗ್ ಬೆಂಗ್ ಪೂಜೆಯ ಒಂದು ಅಂಗವೇ ಆಗಿತ್ತು.

ಮೂರು ವರ್ಷದ ಹಿಂದೆ ಅವಳಿಗೆ ಕಾಯಿಲೆ ಬಂತು, ಗುಡ್ಡ ಹತ್ತಲಾಗಲಿಲ್ಲ. ಆಗ ನನ್ನ ತಂಗಿ ಬೀ ಹೂನ್ ಮುಂದೆ ಬಂದಳು. ಅವಳು ಗಂಡನ ಕಡೆಯ ಸಮಾಧಿಗಳನ್ನೇ ನೋಡಿಕೊಂಡಿದ್ದವಳು. ವಿಧವೆಯಾದ ಮೇಲೆ ನಮ್ಮ ಜೊತೆ ಸೇರಿದ್ದಳು. ಶಾಲೆಯಲ್ಲಿ ಮೇಷ್ಟರಾಗಿದ್ದವಳು, ಮಾತು ಇನ್ನೂ ಶಾಲೆಯದೇ.

"ಆ ಡಬ್ಬಿ ಬಿಸಾಕು ಅಣ್ಣ," ಎಂದಳು. "ಅದರ ಕಂಪನಿಯೋರೇ ಅದನ್ನ ಕೈಬಿಟ್ಟಿದಾರೆ. ಲ್ಯಾಪ್‌ಟಾಪಲ್ಲಿರೋ ನಂಬರೆಲ್ಲ ನನ್ನ ಫೋನಿಗೆ ಹಾಕ್ಕೊಂಡೆ. ಇನ್ನು ಫೋನ್ ದಾರಿ ತೋರಿಸುತ್ತೆ."

ಫೋನು ತೋರಿಸಿತು. ನೆಟ್ಟಗೆ ಒಂದು ಸಮಾಧಿಯ ಮುಂದೆ ನಿಲ್ಲಿಸಿ, ನೀವು ತಲುಪಿದ್ದೀರಿ ಎಂದು ಹೆಂಗಸಿನ ದನಿಯಲ್ಲಿ ಹೇಳಿತು. ಅದೇ ಅಚ್ಚಿನ ಕಲ್ಲು, ಅದೇ ಬಿಳಿ ತಟ್ಟೆ. ನಾವು ಕೈಮುಗಿದೆವು.

ಕಳೆದ ಜೂನಿನಲ್ಲಿ ಗೇಕ್ ಇಮ್ ಹೋದಳು. ಹೋಗುವ ಮೂರು ದಿನ ಮೊದಲು ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದಳು: "ನಿಮ್ಮ ಅಮ್ಮನ್ನ ನಾನು ಕಣ್ಣಲ್ಲಿ ಕಂಡಿಲ್ಲ. ಅತ್ತೆ ಮನೆ ಬಾಗಿಲಿಗೆ ಹೇಳದೆ ಕೇಳದೆ ಹೋಗಿ ನಿಲ್ಲೋದು ನನ್ನ ಕೈಲಾಗಲ್ಲ. ನೀವು ಸಮಾಧಿ ಹತ್ರ ಹೋಗಿ ನಾನು ಬರ್ತೀನಿ ಅಂತ ಹೇಳಬೇಕು. ಅಲ್ಲೀವರೆಗೂ ನಾನು ಬಾಗಿಲಾಚೆ ಕಾಯ್ತೀನಿ."

ಹೇಳುತ್ತೇನೆ ಎಂದು ಮಾತು ಕೊಟ್ಟೆ. ಹತ್ತು ತಿಂಗಳು ದಿನ ಎಣಿಸಿದೆ. ಬೆಳಿಗ್ಗೆ ಊದುಬತ್ತಿ ಹಚ್ಚುವಾಗಲೆಲ್ಲ ಅವಳು ಎಲ್ಲೋ ಮೆಟ್ಟಿಲ ಮೇಲೆ ಚೀಲ ಇಟ್ಟುಕೊಂಡು ಕೂತಿರುವ ಹಾಗೆ ಕಾಣುತ್ತಿತ್ತು.

ಈ ವರ್ಷ ಏಪ್ರಿಲ್ಲಿನ ಮೊದಲ ಭಾನುವಾರವೇ ಹತ್ತಿದೆವು. ಫೋನು ತಲುಪಿಸಿತು. ಬಾತುಕೋಳಿ, ಆಮೆಯಾಕಾರದ ಕೆಂಪು ಕಡುಬು, ಮೂರು ಬಟ್ಟಲು ಚಹಾ ಇಟ್ಟು ಮೊಣಕಾಲೂರಿದೆ.

"ಅಮ್ಮ, ನಿನ್ನ ಸೊಸೆ ಬರ್ತಿದಾಳೆ. ಒಳ್ಳೆಯವಳು. ಮೊಣಕಾಲು ನೋವು ಅವಳಿಗೆ, ಮೆಟ್ಟಿಲಿರೋ ಕಡೆ ಮಲಗಿಸಬೇಡ. ಸಕ್ಕರೆ ಕಾಯಿಲೆ ಇದೆ, ಕಾಫಿಗೆ ಸಕ್ಕರೆ ಹಾಕಬೇಡ, ಕೇಳಿದರೂ ಹಾಕಬೇಡ. ಮಾತು ಸ್ವಲ್ಪ ಖಡಕ್, ಮನಸ್ಸಿಗೆ ಹಚ್ಕೋಬೇಡ. ಅವಳನ್ನ ಒಳಗೆ ಕರ್ಕೋ."

ಇಷ್ಟು ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು.

"ಅಳೋದು ಮುಗೀತಾ? ಮುಗಿದಿದ್ರೆ ನೀವು ಎಷ್ಟನೇ ಮನೆಯೋರು ಅಂತ ಹೇಳಿ."

ತಿರುಗಿ ನೋಡಿದೆ. ಎಂಬತ್ತು ದಾಟಿದ ಮುದುಕಿ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮಡಿಸುವ ಕುರ್ಚಿ. ಕುರ್ಚಿ ಬಿಚ್ಚಿ ನಮ್ಮ ದಾರಿಗಡ್ಡವಾಗಿ ಹಾಕಿಕೊಂಡು ಕೂತಳು.

"ಎಷ್ಟನೇ ಮನೆ ಅಂದ್ರೆ?" ಎಂದಳು ಬೀ ಹೂನ್.

"ನಾಟಕ ಬೇಡ. ನಮ್ಮ ಮಾವನಿಗೆ ಸಯಾಮ್ ಗಡೀಲಿ ಎರಡನೇ ಸಂಸಾರ ಇತ್ತು ಅಂತ ಮೊದಲಿಂದ ಸುದ್ದಿ. ಎರಡು ವರ್ಷದಿಂದ ನಾವು ಬರೋಷ್ಟರಲ್ಲಿ ಇಲ್ಲಿ ಯಾರೋ ಗುಡಿಸಿರ್ತಾರೆ, ಬಾತುಕೋಳಿ ಎಲುಬು ಬಿದ್ದಿರುತ್ತೆ. ನನ್ನ ಮೈದುನ ನಾನೇ ಕದ್ದು ಬಂದು ಪೂಜೆ ಮಾಡಿ ಪುಣ್ಯ ಹೊಡೀತಿದೀನಿ ಅಂತ ಮಾತು ಬಿಟ್ಟಿದಾನೆ. ಈ ಸಲ ಬೆಳಗಿನ ಏಳು ಗಂಟೆಯಿಂದ ಆ ಮರದ ಹಿಂದೆ ಕಾದಿದೀನಿ."

"ಅಕ್ಕ, ತಪ್ಪು ತಿಳಿದಿದೀರಿ," ಎಂದೆ ನಾನು. "ಇವರು ನಮ್ಮ ಅಮ್ಮ."

"ನೋಡಿದ್ಯಾ," ಎಂದು ಮುದುಕಿ ಗಾಳಿಗೆ ಹೇಳಿದಳು. "ಎರಡನೇ ಮನೆ ಮಗ ಆಗಿದ್ರೆ ದೊಡ್ಡಮ್ಮ ಅಂತ ಮರ್ಯಾದೆಗೆ ಅಂದಿರೋನು. ಇವನು ನೇರ ಅಮ್ಮನೇ ಅಂತಾನೆ. ಕಲ್ಲು ಓದಿ ಹೇಳಪ್ಪ, ಯಾರಮ್ಮ ಅಂತ."

"ಓದಕ್ಕೆ ಬರಲ್ಲ ಅಕ್ಕ."

"ಇವಳಿಗೆ?"

"ಇವಳಿಗೂ ಬರಲ್ಲ. ಮೇಷ್ಟ್ರಾಗಿದ್ದವಳು."

ಬೀ ಹೂನ್ ನನ್ನನ್ನು ದುರುಗುಟ್ಟಿ ನೋಡಿದಳು. ಮುದುಕಿ ಎದ್ದು ಛತ್ರಿಯ ತುದಿಯಿಂದ ಕಲ್ಲಿನ ಒಂದೊಂದೇ ಅಕ್ಷರ ಮುಟ್ಟಿ ಓದಿದಳು. ಕ್ವಾ ಮನೆತನ. ಅದು ಅವಳ ಅತ್ತೆಯ ಸಮಾಧಿ. ಮುದುಕಿಯ ಹೆಸರು ಚೂಯ್ ಲಾನ್, ಕ್ವಾ ಮನೆಯ ಹಿರಿಯ ಸೊಸೆ. ನಾವು ಯೋ ಮನೆತನದವರು. ಎಲ್ಲಿಂದೆಲ್ಲಿಗೂ ಸಂಬಂಧವಿಲ್ಲ.

ಸಮಾಧಿಯ ಕಟ್ಟೆಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಚೂಯ್ ಲಾನಳ ಮುಖದಲ್ಲಿ ಸಿಟ್ಟು ಹೋಗಿ ಗಾಬರಿ ಬಂತು.

"ಅಯ್ಯೋ ತಮ್ಮ, ನಿಮ್ಮ ಹೆಂಡ್ತಿನ ಈಗ ಇವರ ಕೈಗೆ ಒಪ್ಪಿಸಿಬಿಟ್ರಾ?"

"ಹೂಂ ಅಕ್ಕ."

"ಒಳಗೆ ಕರ್ಕೋ ಅಂತಾನೂ ಹೇಳಿಬಿಟ್ರಾ?"

"ಹೇಳಿಬಿಟ್ಟೆ."

"ಬೇಗ ಬಿಡಿಸ್ಕೊಳ್ಳಿ. ಇವರ ಹತ್ರ ನಾನು ಇಪ್ಪತ್ತೆರಡು ವರ್ಷ ಬಾಳಿದೀನಿ. ಅಕ್ಕಿ ತೊಳೆದ ನೀರಲ್ಲಿ ಒಂದು ಕಾಳು ಹೋದರೆ ಎಣಿಸಿ ಹೇಳೋರು. ಮಾತು ಖಡಕ್ ಅಂದ್ರಲ್ಲ ನಿಮ್ಮ ಹೆಂಡ್ತಿದು, ಇವರ ಮುಂದೆ ನಡೆಯಲ್ಲ. ಪಾಪ, ಸಕ್ಕರೆ ಕಾಯಿಲೆ ಬೇರೆ."

ಬೀ ಹೂನ್ ಫೋನನ್ನು ಚೀಲದೊಳಗೆ ತುರುಕಿ, "ಫೋನ್ ತಪ್ಪು ಹೇಳಲ್ಲ," ಎಂದಳು.

ಮನೆಗೆ ಬಂದು ಲ್ಯಾಪ್‌ಟಾಪ್ ತೆಗೆದೆವು. ಅದು ಕೆಮ್ಮಿ ಕೆಮ್ಮಿ ಎದ್ದಿತು. ನಕ್ಷೆಯ ಸಾಫ್ಟ್‌ವೇರ್ ತೆರೆದರೆ ಮೊದಲು ಒಂದು ಚೀಟಿ ಬಂತು: ಈ ಆವೃತ್ತಿಗೆ ಇನ್ನು ಮುಂದೆ ಬೆಂಬಲವಿಲ್ಲ, ಹೊಸದಕ್ಕಾಗಿ ಇಲ್ಲಿ ಒತ್ತಿ. ಅಲ್ಲಿ ಒತ್ತಿದರೆ ಆ ವಿಳಾಸವೇ ಇಲ್ಲ ಎಂಬ ಇನ್ನೊಂದು ಚೀಟಿ. ಎರಡನ್ನೂ ಸರಿಸಿದ ಮೇಲೆ ಬಿಳಿಯ ಬಯಲು. ರಸ್ತೆ, ಗುಡ್ಡ, ಸಮುದ್ರ ಎಲ್ಲ ಮಾಯ. ಅದರ ಮೇಲೆ ಗೇಕ್ ಇಮ್ ಹಾಕಿದ ಗುರುತುಗಳು ಮಾತ್ರ ನಿಂತಿದ್ದವು, ಅವಳೇ ಇಟ್ಟ ಹೆಸರುಗಳ ಸಮೇತ. ಅತ್ತೆ. ಅತ್ತೆಯ ಎಡಕ್ಕೆ ಕೆಂಪಿರುವೆ. ಇವರು ಬಿದ್ದದ್ದು. ಇವರು ಎರಡನೇ ಸಲ ಬಿದ್ದದ್ದು.

ಬಹಳ ಹೊತ್ತು ನೋಡುತ್ತ ಕೂತೆ. ಬೀ ಹೂನ್ ತಾನಾಗಿಯೇ ಚಹಾ ಮಾಡಲು ಹೋದಳು. ಅದು ಅವಳ ಸ್ವಭಾವವಲ್ಲ.

ಬಂದ ಮೇಲೆ 'ಅತ್ತೆ'ಯ ನಂಬರನ್ನೂ ಫೋನಿನ ನಂಬರನ್ನೂ ಅಂಕಿ ಅಂಕಿ ತಾಳೆ ನೋಡಿದೆವು. ಒಂದೂ ತಪ್ಪಿಲ್ಲ.

"ನಾನು ಹೇಳಲಿಲ್ವಾ," ಎಂದಳು. ಆದರೆ ಆ ಮಾತಿನಲ್ಲಿ ಜೀವವಿರಲಿಲ್ಲ. ನಂಬರು ಸರಿಯಿದ್ದು ತಾಯಿ ತಪ್ಪಿಹೋದರೆ ಮೇಷ್ಟರಾದವಳು ಏನು ಮಾಡಬೇಕು?

ಸೋಮವಾರ ಕಂಪನಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಪಿಟೀಲು ಕೇಳಿಸಿದರು. ಕೊನೆಗೆ ರಿಧ್ವಾನ್ ಎಂಬ ಯುವಕ ಸಿಕ್ಕಿದ. ಮರ್ಯಾದಸ್ಥ ಹುಡುಗ.

"ಅಂಕಲ್, ಆ ಸಾಫ್ಟ್‌ವೇರಿನ ಆಯಸ್ಸು ಮುಗಿದಿದೆ. ಸಪೋರ್ಟ್ ನಿಲ್ಲಿಸಿ ಎಂಟು ವರ್ಷ ಆಯ್ತು."

"ನನ್ನ ಹೆಂಡತಿ ಆಯಸ್ಸೂ ಮುಗಿದಿದೆಯಪ್ಪ. ನಾನು ಸಪೋರ್ಟ್ ನಿಲ್ಲಿಸಿಲ್ಲ."

ಆ ಕಡೆ ಹಾಳೆ ಮಗುಚಿದ ಸದ್ದಾಯಿತು.

"ಹೊಸ ವಾಚ್ ಬಂದಿದೆ ಅಂಕಲ್, ಅದರಲ್ಲಿ ಎದೆಬಡಿತಾನೂ ನೋಡಬಹುದು," ಎಂದ. ಮುಂದೆ ಇಟ್ಟ ಹಾಳೆಯನ್ನು ಓದುತ್ತಿದ್ದನೆಂದು ಕಾಣುತ್ತದೆ.

"ಎದೆ ಬಡಿಯೋದು ನನಗೆ ಕೇಳಿಸ್ತಿದೆ. ನನ್ನ ಅಮ್ಮ ಎಲ್ಲಿದಾಳೆ ಅಂತ ಹೇಳು ಸಾಕು."

ವಿಷಯ ಹೇಳಿದೆ. ಬೇರೆಯವರ ಅತ್ತೆಯ ಪ್ರಸಂಗ ಬಂದಾಗ ಅವನು ಕೆಮ್ಮಿದ. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು.

"ಕ್ಷಮಿಸಿ ಅಂಕಲ್. ಪರದೆಯ ಕೆಳಗೆ ಮೂಲೇಲಿ ಸಣ್ಣಕ್ಷರದಲ್ಲಿ ಏನಿದೆ ನೋಡಿ."

ಬೀ ಹೂನ್ ಭೂತಗನ್ನಡಿ ತಂದು ಓದಿದಳು. ಹಳೆಯ ಮಲಯಾ ಸರ್ವೆಯ ಹೆಸರಿತ್ತು.

"ಸಿಕ್ತು," ಎಂದ ರಿಧ್ವಾನ್. "ಆಂಟಿ ಹಳೇ ಸರ್ವೆ ಲೆಕ್ಕದಲ್ಲಿ ಇಟ್ಟಿದಾರೆ. ಫೋನ್‌ಗೆ ಹೊಸ ಲೆಕ್ಕ ಮಾತ್ರ ಗೊತ್ತು. ಎರಡೂ ಅಳೆಯಕ್ಕೆ ಶುರು ಮಾಡೋ ಜಾಗ ಬೇರೆ. ಅದೇ ನಂಬರ್ ಹಾಕಿದರೆ ನೂರೈವತ್ತು ಹೆಜ್ಜೆ ಪಕ್ಕಕ್ಕೆ ಹೋಗುತ್ತೆ."

"ಹಾಗಾದರೆ ನಿಮ್ಮ ಹೊಸ ಸಾಫ್ಟ್‌ವೇರಲ್ಲಿ ಹಳೇ ಲೆಕ್ಕ ಹಾಕಿಕೊಡು."

"ಅದನ್ನ ಪಟ್ಟಿಯಿಂದ ತೆಗೆದುಬಿಟ್ಟಿದಾರೆ ಅಂಕಲ್. ಯಾರೂ ಬಳಸಲ್ಲ ಅಂತ."

"ನನ್ನ ಹೆಂಡತಿ ಬಳಸ್ತಿದ್ದಳು."

"ಹೌದು ಅಂಕಲ್." ಅವನು ದನಿ ತಗ್ಗಿಸಿದ. "ನಾನು ಇದನ್ನ ಹೇಳಬಾರದು, ಕರೆ ರೆಕಾರ್ಡ್ ಆಗುತ್ತೆ. ಆ ಹಳದಿ ಯಂತ್ರ ಇದೆಯಾ? ಬಿಸಾಕಿಲ್ಲ ತಾನೆ?"

ಬೀ ಹೂನ್ ಕಿಟಕಿಯ ಕಡೆ ನೋಡಿದಳು.

"ಇದೆ. ದೇವರ ಗೂಡಿನ ಕೆಳಗೆ, ಅವಳ ಕನ್ನಡಕದ ಪಕ್ಕ."

"ಅದಕ್ಕೆ ಎರಡು ಬ್ಯಾಟರಿ ಹಾಕಿ. ಅದರೊಳಗೆ ಹಳೇ ಲೆಕ್ಕ ಇನ್ನೂ ಇರುತ್ತೆ. ಯಾರೂ ಅದನ್ನ ಅಪ್‌ಡೇಟ್ ಮಾಡಿಲ್ಲವಲ್ಲ, ಹಾಗಾಗಿ ಯಾರೂ ಕೆಡಿಸಿಲ್ಲ."

ಯಾವ ಗುಂಡಿ ಒತ್ತಬೇಕೆಂದು ಒಂದೊಂದಾಗಿ ಬರೆಸಿದ. ಬೀ ಹೂನ್ ಶಾಲೆಯ ಮಗುವಿನಂತೆ ಬರೆದುಕೊಂಡಳು. ಕೊನೆಗೆ, "ಅಂಕಲ್, ಸಿಕ್ಕಿದಮೇಲೆ ಒಂದು ಫೋನ್ ಮಾಡಿ. ಆದರೆ ಆಫೀಸಿಗೆ ಬೇಡ, ನಲವತ್ತು ನಿಮಿಷ ಕಾಯಿಸ್ತಾರೆ," ಎಂದು ತನ್ನ ಸ್ವಂತ ನಂಬರು ಕೊಟ್ಟ.

ಅಂದೇ ಸಂಜೆಯಿಂದ ಮಳೆ ಹಿಡಿಯಿತು. ಮಂಗಳವಾರ, ಬುಧವಾರ, ಗುರುವಾರ. ಕೆರಾ ಗುಡ್ಡದ ಕೆಂಪು ಮಣ್ಣು ಮಳೆಯಲ್ಲಿ ಎಪ್ಪತ್ತು ದಾಟಿದವರಿಗೆ ಹೇಳಿದ್ದಲ್ಲ. ಅವಕಾಶ ಮುಗಿಯುವುದು ಭಾನುವಾರಕ್ಕೆ. ಆ ದಿನ ತಪ್ಪಿದರೆ ಗೇಕ್ ಇಮ್ ಇನ್ನೊಂದು ವರ್ಷ ಕ್ವಾ ಮನೆಯ ಅತ್ತೆಯ ಅಡುಗೆಮನೆಯಲ್ಲಿರಬೇಕು. ಶುಕ್ರವಾರ, ಶನಿವಾರ ನಾನು ಆಕಾಶ ನೋಡಿದ್ದೇ ನೋಡಿದ್ದು. ದೇವರಿಗೆ ನಾನು ಮಳೆ ನಿಲ್ಲಿಸು ಎಂದು ಬೇಡಲಿಲ್ಲ. ರೈತರು ಅದೇ ಮಳೆ ಬೇಡುತ್ತಿರುತ್ತಾರೆ. ಒಂದು ಬೆಳಿಗ್ಗೆ ಬಿಡು ಎಂದಷ್ಟೇ ಕೇಳಿದೆ.

ಭಾನುವಾರ ಬೆಳಿಗ್ಗೆ ಬಿಟ್ಟಿತು. ಗುಡ್ಡದ ಬುಡದಲ್ಲಿ ಚೂಯ್ ಲಾನ್ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಇವತ್ತೇ ಕೊನೇ ದಿನ, ಬಂದೇ ಬರ್ತೀರಿ ಅಂತ ಗೊತ್ತಿತ್ತು. ನಿಮಗೆ ಓದಕ್ಕೆ ಬರಲ್ಲ. ಮತ್ತೆ ಯಾರದೋ ಮನೆಗೆ ನುಗ್ಗಿದರೆ? ನಾನೂ ಬರ್ತೀನಿ," ಎಂದಳು. "ಮೊದಲು ನಮ್ಮ ಅತ್ತೆ ಹತ್ರ ಹೋಗಿ ಅಪ್ಪಣೆ ಕೇಳಬೇಕು. ಕೇಳದೆ ಕರ್ಕೊಂಡು ಹೋದರೆ ಅವರು ಬಿಡಲ್ಲ. ತವರಿಗೆ ಹೋಗ್ತೀನಿ ಅಂದ್ರೆ ನನ್ನನ್ನ ಮೂರು ಸಲ ಕೇಳಿಸ್ತಿದ್ರು."

ಕ್ವಾ ಸಮಾಧಿಯ ಮುಂದೆ ಕಡುಬು ಇಟ್ಟು ತಪ್ಪೊಪ್ಪಿಕೊಂಡೆ. ಜೇಬಿನಿಂದ ಅರ್ಧಚಂದ್ರದ ಎರಡು ಮರದ ತುಂಡು ತೆಗೆದೆ. ಸತ್ತವರ ಉತ್ತರ ಕೇಳುವುದು ಅವುಗಳಿಂದ. ಒಂದು ಕವುಚಿ ಒಂದು ಅಂಗಾತ ಬಿದ್ದರೆ ಒಪ್ಪಿಗೆ. ಎರಡೂ ಕವುಚಿದರೆ ಇಲ್ಲ. ಎರಡೂ ಅಂಗಾತ ಬಿದ್ದರೆ ಅವರು ನಗುತ್ತಿದ್ದಾರೆ, ಇನ್ನೊಮ್ಮೆ ಕೇಳಬೇಕು.

"ಅಮ್ಮ, ನನ್ನ ಹೆಂಡತಿಯನ್ನ ಕರ್ಕೊಂಡು ಹೋಗಲಾ?"

ಹಾಕಿದೆ. ಮೊದಲ ಸಲಕ್ಕೇ ಒಪ್ಪಿಗೆ.

ಚೂಯ್ ಲಾನ್ ಬಗ್ಗಿ ಎರಡು ಸಲ ನೋಡಿದಳು. ಅವಳ ಮುಖ ಕೆಂಪಾಯಿತು. "ಇಷ್ಟು ವರ್ಷ ನಾನು ಕೇಳಿದ್ದಕ್ಕೆ ಒಂದ್ಸಲಾನಾದ್ರೂ ಮೊದಲ ಏಟಿಗೆ ಹೂಂ ಅಂದಿದಾರಾ? ಯಾರೋ ದಾರೀಲಿ ಹೋಗೋನಿಗೆ ಅಂತಾರೆ."

"ಎರಡು ವರ್ಷ ನಮ್ಮ ಬಾತುಕೋಳಿ ತಿಂದಿದಾರಲ್ಲ," ಎಂದಳು ಬೀ ಹೂನ್.

"ಅಥವಾ ಒಂದು ವಾರದಲ್ಲೇ ನಿಮ್ಮ ಅತ್ತಿಗೆ ಸಾಕು ಅನ್ನಿಸಿರಬೇಕು," ಎಂದು ಚೂಯ್ ಲಾನ್ ತಿರುಗಿಸಿ ಕೊಟ್ಟಳು. ನನಗೆ ಎರಡನೆಯದೇ ನಿಜವೆನಿಸಿತು.

ಹಳದಿ ಯಂತ್ರ ಹೊತ್ತಿಸಿದೆ. ಅದು ಆಕಾಶದಲ್ಲಿ ಉಪಗ್ರಹ ಹುಡುಕುತ್ತ ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಕೊನೆಗೆ ಬಾಣದ ಗುರುತು ಮೂಡಿತು, ಅದರ ಕೆಳಗೆ ದಿನಾಂಕ: ಭಾನುವಾರ, 2004ನೆಯ ಇಸವಿ, ಆಗಸ್ಟ್ 29.

"ಇದಕ್ಕೆ ಅರುಳು ಮರುಳು," ಎಂದಳು ಚೂಯ್ ಲಾನ್. "ವಾರ ಸರಿ, ತಿಂಗಳು ವರ್ಷ ಎರಡೂ ತಪ್ಪು."

ರಿಧ್ವಾನ್ ಇದನ್ನು ಮೊದಲೇ ಹೇಳಿದ್ದ. ಹಳೆಯ ಯಂತ್ರಗಳು ವಾರ ಎಣಿಸುತ್ತ ಎಣಿಸುತ್ತ ಒಂದು ಲೆಕ್ಕ ತುಂಬಿದ ಮೇಲೆ ಮತ್ತೆ ಸೊನ್ನೆಯಿಂದ ಶುರು ಮಾಡುತ್ತವಂತೆ. ದಾರಿ ತಪ್ಪುವುದಿಲ್ಲ, ತಾರೀಖು ಮಾತ್ರ ತಪ್ಪುತ್ತದೆ. ನಾನು ಆ ದಿನಾಂಕವನ್ನು ನೋಡಿದೆ. ಆ ಭಾನುವಾರ ಗೇಕ್ ಇಮ್ ಮನೆಯಲ್ಲೇ ಇದ್ದಿರಬೇಕು. ಬಟ್ಟೆ ಒಣಹಾಕುತ್ತಿದ್ದಿರಬೇಕು. ಯಂತ್ರವನ್ನು ತಿದ್ದಲು ನನಗೆ ಮನಸ್ಸು ಬರಲಿಲ್ಲ.

ಬಾಣ ಪಡುವಣಕ್ಕೆ ತಿರುಗಿತ್ತು. ಯಂತ್ರ ನನ್ನ ಕೈಯಲ್ಲಿದ್ದುದರಿಂದ ನಾನು ಮುಂದೆ, ಬುಟ್ಟಿ ಹೊತ್ತ ಬೀ ಹೂನ್ ಹಿಂದೆ, ಅವಳ ಹಿಂದೆ ಕುರ್ಚಿ ಹಿಡಿದ ಚೂಯ್ ಲಾನ್. ಜೀವಮಾನದಲ್ಲಿ ಮೊದಲ ಸಲ ಆ ಗುಡ್ಡದ ಮೇಲೆ ನನ್ನ ಮುಂದೆ ಯಾರೂ ಇರಲಿಲ್ಲ. ಕೊರಕಲಿಗೆ ಇಳಿದು, ಆಳೆತ್ತರದ ಹುಲ್ಲು ಸರಿಸಿ ನಡೆದೆವು. ಒಂದು ಕೋತಿ ಬೀ ಹೂನಳ ಬುಟ್ಟಿಯಿಂದ ಕಿತ್ತಳೆ ಎಗರಿಸಿತು. ಅವಳು ಮಲಯ ಭಾಷೆಯಲ್ಲಿ ಬೈದಳು, ಕೋತಿಗೆ ಅದು ತಿಳಿಯಿತು. ಸ್ವಲ್ಪ ಮುಂದೆ ನಾನು ಜಾರಿ ಬಿದ್ದೆ. ಮೂರನೆಯ ಸಲ, ಗುರುತು ಹಾಕುವವರಿಲ್ಲ.

ಬಾಣ ನಿಂತಿತು. ಹುಲ್ಲಿನೊಳಗೆ ಕಲ್ಲಿನ ಮೂಲೆಯೊಂದು ಕಂಡಿತು. ಕುಡುಗೋಲಿನಿಂದ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಚೂಯ್ ಲಾನ್ ಮುಂದೆ ಬಂದು ಕರವಸ್ತ್ರ ಒದ್ದೆ ಮಾಡಿ ಪಾಚಿ ಒರೆಸಿದಳು.

"ಯೋ ಮನೆತನ," ಎಂದಳು. "ಲೋ ಸಿಯೂ ಕೀ."

ಅಮ್ಮನ ಹೆಸರು. ಬೀ ಹೂನ್ ಬುಟ್ಟಿ ಕೆಳಗಿಟ್ಟು ಅಂಗಿಯ ತೋಳಿನಿಂದ ಮೂಗೊರೆಸಿಕೊಂಡಳು.

"ಪಕ್ಕದಲ್ಲಿ ಮಕ್ಕಳ ಹೆಸರಿದೆ. ಮಗ ಸೆಂಗ್ ಚಾಯ್. ಮಗಳು ಬೀ ಹೂನ್. ನೀವೇ ತಾನೆ?" ಚೂಯ್ ಲಾನ್ ಇನ್ನಷ್ಟು ಬಗ್ಗಿದಳು. "ಇಲ್ಲಿ ಕೆಳಗೆ ಇನ್ನೊಂದಿದೆ. ಇದು ಆಮೇಲೆ ಕೆತ್ತಿದ್ದು, ಬೇರೆ ಕೈ. ಸೊಸೆ, ಊಯ್ ಗೇಕ್ ಇಮ್."

"ಏನಂದ್ರಿ?"

"ಸೊಸೆ ಊಯ್ ಗೇಕ್ ಇಮ್ ಅಂತ. ನಿಮ್ಮ ಹೆಂಡ್ತಿ ಹೆಸರಲ್ವಾ? ಬರೆದವರಿಗೆ ಚೀನೀ ಬರ್ತಿರಲಿಲ್ಲ ಅನ್ನಿಸುತ್ತೆ. ಒಂದೊಂದು ಗೆರೇನೂ ಅಳತೆಪಟ್ಟಿ ಇಟ್ಟು ಎಳೆದಿದಾರೆ. ನಕ್ಷೆ ಬರೆದ ಹಾಗೆ."

ಅಮ್ಮ ಸತ್ತಾಗ ನನಗೆ ಮದುವೆಯಾಗಿರಲಿಲ್ಲ. ಆ ಹೆಸರು ಅಲ್ಲಿರಲು ಕಾರಣವೇ ಇರಲಿಲ್ಲ. ಯಾವ ವರ್ಷ ಅವಳು ಕಲ್ಲುಕುಟಿಗನನ್ನು ಕರೆದುಕೊಂಡು ಬಂದಳೋ, ಯಾರ ಕೈಲಿ ಅಕ್ಷರ ಬರೆಸಿ ಅದರ ನಕಲು ತೆಗೆದಳೋ. ಪ್ರತಿ ಚೆಂಗ್ ಬೆಂಗಿಗೂ ನಾನು ಆ ಹೆಸರಿನ ಮೇಲೆ ನೀರು ಹುಯ್ದು ತೊಳೆದಿದ್ದೇನೆ. ಅವಳು ಪಕ್ಕದಲ್ಲಿ ನಿಂತು, ಮೂಲೇಲಿ ಇನ್ನೂ ಸ್ವಲ್ಪ ಉಜ್ಜಿ ಎನ್ನುತ್ತಿದ್ದಳು. ಒಂದು ಮಾತು ಹೇಳಲಿಲ್ಲ.

ಚಹಾ ಇಟ್ಟೆ, ಊದುಬತ್ತಿ ಹಚ್ಚಿದೆ. ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಯಿತು.

"ಅಮ್ಮ, ಇಮ್ ಬಂದಿದಾಳೆ. ನಿನಗೆ ಗೊತ್ತಿರೋಳೇ. ದಾರೀಲಿ ನನ್ನಿಂದ ಒಂದು ವಾರ ತಡ ಆಯ್ತು. ಒಳಗೆ ಕರ್ಕೊಂಡ್ಯಾ?"

ತುಂಡುಗಳನ್ನು ಹಾಕಿದೆ. ಎರಡೂ ಅಂಗಾತ ಬಿದ್ದವು.

"ಅಮ್ಮ ನಗ್ತಿದಾಳೆ," ಎಂದಳು ಬೀ ಹೂನ್.

"ಒಬ್ಬರೇ ನಗೋ ಥರ ಕಾಣಲ್ಲ," ಎಂದಳು ಚೂಯ್ ಲಾನ್. "ಇನ್ನೊಂದ್ಸಲ ಕೇಳಿ ತಮ್ಮ."

ಕೇಳಿದೆ. ಒಂದು ಕವುಚಿ, ಒಂದು ಅಂಗಾತ.

ಹಣೆಯನ್ನು ನೆಲಕ್ಕೆ ಮುಟ್ಟಿಸಿದೆ. ಮತ್ತೆ ತಲೆಯೆತ್ತಲು ಬಹಳ ಹೊತ್ತು ಹಿಡಿಯಿತು. ಮೊಣಕಾಲು ಹಿಡಿದುಕೊಂಡಿತೆಂದು ಬೀ ಹೂನ್ ಕೈ ಕೊಡಲು ಬಂದಳು. ಅವಳು ಹಾಗೆಯೇ ತಿಳಿಯಲಿ ಎಂದು ಬಿಟ್ಟು, ಅವಳ ಕೈ ಹಿಡಿದು ಎದ್ದೆ.